ವಿಜಯನಗರದ ತಾರಸಿಯಿಂದ ನಕ್ಷತ್ರ ಅಳೆಯಬಹುದಾ? ಆರ್ದ್ರಾ ದೂರ ಯಾಕೆ ಒಂದೊಂದು ಕಡೆ ಒಂದೊಂದು ಥರ ಇದೆ?

ವಿಜಯನಗರ ತಾರಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಿಜಯನಗರದಲ್ಲಿ. ತಾರಸಿ ಇದೆ, ಆದರೆ ಸುತ್ತ ಬೀದಿ ದೀಪಗಳು, ಎದುರಿಗೆ ಕಲ್ಯಾಣ ಮಂಟಪದ ದೊಡ್ಡ ಬೋರ್ಡು. ಆಕಾಶ ಯಾವತ್ತೂ ಪೂರ್ತಿ ಕಪ್ಪಾಗುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮೋಡ ಕಡಿಮೆ ಇರುವಾಗ ಮಹಾವ್ಯಾಧ, ರೋಹಿಣಿ, ಲುಬ್ಧಕ ಚೆನ್ನಾಗಿ ಕಾಣುತ್ತವೆ. ಕೃತ್ತಿಕೆ ಕಷ್ಟಪಟ್ಟರೆ ಕಾಣುತ್ತದೆ. ನನ್ನ ಹತ್ತಿರ ಹಳೆಯ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಟ್ರೈಪಾಡ್ ಇವೆ. ಟೆಲಿಸ್ಕೋಪ್ ಇಲ್ಲ.

ಎರಡು ಪ್ರಶ್ನೆ ಇವೆ. ಒಂದು, ಇಷ್ಟರಲ್ಲಿ ನಕ್ಷತ್ರದ ಬಗ್ಗೆ ಏನಾದರೂ ನಿಜವಾಗಿ ಅಳೆಯಲು ಆಗುತ್ತದಾ? ಚಂದದ ಫೋಟೋ ಬೇಡ, ನನಗೆ ಒಂದು ಸಂಖ್ಯೆ ಬೇಕು, ಅದೂ ಬೇರೆಯವರು ಅಳೆದದ್ದರ ಜೊತೆ ಇಟ್ಟು ನೋಡಿದರೆ ಹೊಂದುವಂಥದ್ದು. ಎರಡನೆಯದು, ಆರ್ದ್ರಾ (ಮಹಾವ್ಯಾಧದಲ್ಲಿರುವ ಕೆಂಪು ನಕ್ಷತ್ರ, ಇಂಗ್ಲಿಷ್‌ನಲ್ಲಿ ಬೆಟೆಲ್‌ಜ್ಯೂಸ್) ಬಗ್ಗೆ ಓದುತ್ತಿದ್ದೆ. ಅದರ ದೂರ ಒಂದು ಕಡೆ 500 ಜ್ಯೋತಿರ್ವರ್ಷ, ಇನ್ನೊಂದು ಕಡೆ 640, ಮತ್ತೊಂದು ಕಡೆ 720 ಎಂದಿದೆ. ಬರಿಗಣ್ಣಿಗೆ ಇಷ್ಟು ಚೆನ್ನಾಗಿ ಕಾಣುವ ನಕ್ಷತ್ರ, ಅದರ ದೂರವೇ ಖಚಿತ ಇಲ್ಲ ಅಂದರೆ ಬೇರೆ ನಕ್ಷತ್ರಗಳ ಲೆಕ್ಕವನ್ನು ಹೇಗೆ ನಂಬುವುದು? ಗೊತ್ತಿದ್ದವರು ಬಿಡಿಸಿ ಹೇಳಿ.

ಕೃತ್ತಿಕೆ ನೋಡುಗ:

ಮೊದಲನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಖಂಡಿತ ಆಗುತ್ತದೆ. ನಿಮ್ಮ ಕ್ಯಾಮೆರಾದಿಂದ ನಕ್ಷತ್ರದ ಹೊಳಪನ್ನು ಅಳೆಯಬಹುದು, ಅದು ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ ಅನ್ನುವುದನ್ನೂ ಹಿಡಿಯಬಹುದು.

ಇಲ್ಲಿ ಮುಖ್ಯವಾದ ವಿಷಯ ಒಂದೇ. ಹೊಳಪನ್ನು ಯಾರೂ ಒಂಟಿಯಾಗಿ ಅಳೆಯುವುದಿಲ್ಲ. ಪಕ್ಕದಲ್ಲಿರುವ, ಹೊಳಪು ಬದಲಾಗದ, ಈಗಾಗಲೇ ಅಳೆದಿಟ್ಟಿರುವ ನಕ್ಷತ್ರದ ಜೊತೆ ಹೋಲಿಸುತ್ತಾರೆ. ಎರಡೂ ಒಂದೇ ಫೋಟೋದಲ್ಲಿ ಇದ್ದರೆ ತೆಳು ಮೋಡ, ಧೂಳು, ಲೆನ್ಸ್ ಮೇಲಿನ ಮಂಜು ಎಲ್ಲವೂ ಎರಡನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮಂಕು ಮಾಡುತ್ತವೆ. ಹಾಗಾಗಿ ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಆ ತೊಂದರೆ ಹೊರಟುಹೋಗುತ್ತದೆ.

ಇನ್ನು ನಿಮ್ಮ ಬೀದಿ ದೀಪದ ಬೆಳಕು. ಅದು ನಕ್ಷತ್ರದ ಬೆಳಕಿಗೆ ಬಂದು ಸೇರಿಕೊಳ್ಳುತ್ತದೆ, ಹಾಗಾಗಿ ಅದನ್ನು ಕಳೆಯಬೇಕು. ಫೋಟೋದಲ್ಲಿ ನಕ್ಷತ್ರದ ಸುತ್ತ ಒಂದು ಸಣ್ಣ ವೃತ್ತ ಹಾಕಿ ಅದರೊಳಗಿನ ಬೆಳಕನ್ನೆಲ್ಲ ಕೂಡಿಸುತ್ತೀರಿ. ಅದರ ಹೊರಗೆ ಇನ್ನೊಂದು ಉಂಗುರ ಹಾಕಿ ಖಾಲಿ ಆಕಾಶದ ಬೆಳಕು ಎಷ್ಟು ಎಂದು ನೋಡಿ, ಅಷ್ಟನ್ನು ಕಳೆಯುತ್ತೀರಿ. ಉದಾಹರಣೆಗೆ, ವೃತ್ತದೊಳಗೆ 50,000 ಸಿಕ್ಕಿತು, ಅದರಲ್ಲಿ ಆಕಾಶದ ಪಾಲು 20,000 ಎಂದುಕೊಳ್ಳಿ. ನಕ್ಷತ್ರದ್ದು 30,000. ಪಕ್ಕದ ನಕ್ಷತ್ರಕ್ಕೆ ಇದೇ ಲೆಕ್ಕ ಮಾಡಿದಾಗ 60,000 ಬಂದರೆ, ಅದು ಎರಡು ಪಟ್ಟು ಹೊಳಪು. ಮ್ಯಾಗ್ನಿಟ್ಯೂಡ್‌ನಲ್ಲಿ ಹೇಳಿದರೆ 0.75 ವ್ಯತ್ಯಾಸ. ಇದನ್ನೆಲ್ಲ ಮಾಡಿಕೊಡುವ ಉಚಿತ ಸಾಫ್ಟ್‌ವೇರ್‌ಗಳಿವೆ, ಆದರೆ ಮೊದಲ ಸಲ ಕೈಯಾರೆ ಲೆಕ್ಕ ಹಾಕಿ ನೋಡಿ, ಆಗ ಏನು ನಡೆಯುತ್ತಿದೆ ಎಂದು ಸರಿಯಾಗಿ ತಲೆಗೆ ಹತ್ತುತ್ತದೆ.

ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ. ಸಂಖ್ಯೆ ಕಡಿಮೆ ಆದಷ್ಟೂ ಹೊಳಪು ಜಾಸ್ತಿ. ಲುಬ್ಧಕ ಸೊನ್ನೆಗಿಂತ ಕೆಳಗೆ, ಮೈನಸ್ 1.46. ಒಳ್ಳೇ ಕತ್ತಲಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ, ಊರೊಳಗೆ 3 ಅಥವಾ 4ಕ್ಕೆ ನಿಂತುಬಿಡುತ್ತದೆ. 5 ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಂದರೆ ಸರಿಯಾಗಿ 100 ಪಟ್ಟು. ಈ ನಿಯಮವನ್ನು 1856ರಲ್ಲಿ ಗಟ್ಟಿ ಮಾಡಿದವರು ನಾರ್ಮನ್ ಪಾಗ್ಸನ್. ಅವರು 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದು ಕೊನೆಯವರೆಗೂ ಅಲ್ಲೇ ಕೆಲಸ ಮಾಡಿದರು. ಅದೇ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಇದ್ದರು. 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಹೊಳಪು ಬದಲಾಗುತ್ತದೆ ಎಂದು ಕಂಡುಹಿಡಿದವರು ಅವರು. ಆ ಕೆಲಸದ ಮುಂದಿನ ಎಳೆ ಕೊಡೈಕನಾಲ್‌ಗೆ ಹೋಗಿ, ಅಲ್ಲಿಂದ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗೆ ಬಂದು ಸೇರಿದೆ. ಇದು ಬೆಂಗಳೂರಿನಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಗೊತ್ತಿರಬೇಕು ಅನ್ನಿಸುತ್ತದೆ.

ಗಿರಿನಗರ 2ನೇ ಹಂತ:

ಕೃತ್ತಿಕೆ ಅವರೇ, ಹೋಲಿಕೆ ವಿಷಯ ಒಪ್ಪುತ್ತೇನೆ. ಆದರೆ ಆಕಾಶದ ಬೆಳಕನ್ನು ಕಳೆದರೆ ಮುಗಿಯಿತು ಅನ್ನುವ ಹಾಗೆ ಬರೆದಿದ್ದೀರಿ, ಅದು ಅರ್ಧ ಮಾತ್ರ ಸರಿ. ಬೆಳಕು ಬರುವುದು ಬಿಡಿಬಿಡಿ ಫೋಟಾನ್‌ಗಳಾಗಿ. ಅವುಗಳ ಎಣಿಕೆ ಪ್ರತಿ ಸಲ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಆ ಏರುಪೇರು ಎಣಿಕೆಯ ವರ್ಗಮೂಲದಷ್ಟು ಇರುತ್ತದೆ. ಆಕಾಶದ ಸರಾಸರಿ ಬೆಳಕನ್ನು ಕಳೆಯಬಹುದು, ಅದರ ಏರುಪೇರನ್ನು ಕಳೆಯಲು ಆಗುವುದಿಲ್ಲ. ಅದು ಅಳತೆಯೊಳಗೇ ಉಳಿಯುತ್ತದೆ. ಹೊಳಪಿನ ನಕ್ಷತ್ರಕ್ಕೆ ತೊಂದರೆ ಇಲ್ಲ, ಅದರ ಬೆಳಕೇ ಬೇಕಾದಷ್ಟಿದೆ. ಮಂಕು ನಕ್ಷತ್ರ ಮಾತ್ರ ಆ ಗದ್ದಲದಲ್ಲಿ ಮುಳುಗುತ್ತದೆ.

ಮೀರಾ ಎಂಬ ನಕ್ಷತ್ರ ಸುಮಾರು 332 ದಿನಕ್ಕೊಮ್ಮೆ 3ರ ಆಸುಪಾಸಿನಿಂದ 9ರವರೆಗೆ ಇಳಿದು ಮತ್ತೆ ಏರುತ್ತದೆ. ಮೇಲಿದ್ದಾಗ ವಿಜಯನಗರದಿಂದ ಹಿಡಿಯಬಹುದು. ಕೆಳಗೆ ಇಳಿದಾಗ ಟ್ರೈಪಾಡ್ ಮೇಲಿಟ್ಟ 50 ಎಂಎಂ ಲೆನ್ಸ್‌ಗೆ ಅಲ್ಲಿಂದ ಸಿಗುವುದಿಲ್ಲ. ಅಂಥದ್ದಕ್ಕೆ ಮಾಗಡಿ ಕಡೆಗೋ ದೇವರಾಯನದುರ್ಗದ ಕಡೆಗೋ ಹೋಗಲೇಬೇಕು. ಮೊದಲಿದ್ದ ಹಳದಿ ಸೋಡಿಯಂ ದೀಪಗಳ ಬೆಳಕನ್ನು ಫಿಲ್ಟರ್ ಹಾಕಿ ತಡೆಯಬಹುದಿತ್ತು. ಈಗಿನ ಬಿಳಿ ಎಲ್‌ಇಡಿಗಳು ಎಲ್ಲ ಬಣ್ಣವನ್ನೂ ಚೆಲ್ಲುತ್ತವೆ, ಫಿಲ್ಟರ್ ಹಾಕಿದರೆ ನಕ್ಷತ್ರದ ಬೆಳಕೂ ಹೋಗುತ್ತದೆ. ದೀಪಕ್ಕೆ ಮೇಲಿಂದ ಒಂದು ಮುಚ್ಚಳ ಹಾಕಿ ಬೆಳಕನ್ನು ರಸ್ತೆಗೆ ಮಾತ್ರ ಬೀಳಿಸಿದರೂ ಎಷ್ಟೋ ಸುಧಾರಿಸುತ್ತದೆ. ಇದನ್ನು ನಾವೆಲ್ಲ ನಮ್ಮ ನಮ್ಮ ವಾರ್ಡ್‌ನಲ್ಲಿ ಕೇಳಬೇಕು, ಸುಮ್ನೆ ಕೂತರೆ ಯಾರೂ ಮಾಡುವುದಿಲ್ಲ.

ಹೊಸಕೋಟೆ ರಸ್ತೆ:

ಎರಡನೇ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಕ್ಷತ್ರದ ದೂರಕ್ಕೆ ಬುನಾದಿ ಪ್ಯಾರಲ್ಯಾಕ್ಸ್. ಭೂಮಿ ಸೂರ್ಯನ ಸುತ್ತ ಹೋಗುವಾಗ ಈ ಬದಿಯಿಂದ ಒಮ್ಮೆ, ಆರು ತಿಂಗಳ ನಂತರ ಆ ಬದಿಯಿಂದ ಒಮ್ಮೆ ನೋಡುತ್ತೇವೆ. ಎರಡು ಜಾಗಗಳ ನಡುವೆ 30 ಕೋಟಿ ಕಿಲೋಮೀಟರ್. ಹತ್ತಿರದ ನಕ್ಷತ್ರ ತುಂಬ ದೂರದ ನಕ್ಷತ್ರಗಳ ಎದುರು ಒಂಚೂರು ಸರಿದ ಹಾಗೆ ಕಾಣುತ್ತದೆ. ಆ ಸರಿದಾಟದ ಅರ್ಧವನ್ನು ಅಳೆದರೆ ತ್ರಿಕೋನದ ಲೆಕ್ಕದಿಂದ ದೂರ ಸಿಗುತ್ತದೆ. ಹೇಳಲು ಸುಲಭ, ಆದರೆ ಕೋನ ಎಷ್ಟು ಸಣ್ಣದು ನೋಡಿ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಆರ್ಕ್ ಸೆಕೆಂಡ್. 25 ಮಿಲಿಮೀಟರ್ ಅಗಲದ ನಾಣ್ಯವನ್ನು 5 ಕಿಲೋಮೀಟರ್ ದೂರದಿಂದ ನೋಡಿದರೆ ಕಾಣುವ ಅಗಲ ಅಷ್ಟು. ಸೂರ್ಯನನ್ನು ಬಿಟ್ಟರೆ ಯಾವ ನಕ್ಷತ್ರದ ಪ್ಯಾರಲ್ಯಾಕ್ಸ್ ಕೂಡ ಅಷ್ಟಿಲ್ಲ. 1838ರಲ್ಲಿ ಬೆಸೆಲ್ 61 ಸಿಗ್ನಿ ಎಂಬ ನಕ್ಷತ್ರಕ್ಕೆ ಅಳೆದದ್ದು ಆರ್ಕ್ ಸೆಕೆಂಡಿನ ಮೂರರಲ್ಲಿ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ದೂರ ಸುಮಾರು 11 ಜ್ಯೋತಿರ್ವರ್ಷ. ಫೋಟೋ ಇಲ್ಲದ ಕಾಲದಲ್ಲಿ, ಕಣ್ಣು ಮತ್ತು ಸ್ಕ್ರೂ ತಿರುಗಿಸಿ ಅಳೆಯುವ ಉಪಕರಣದಿಂದ ಮಾಡಿದ ಕೆಲಸ ಅದು.

ಈಗ ಆರ್ದ್ರಾಗೆ ಬನ್ನಿ. ಅದರ ಪ್ಯಾರಲ್ಯಾಕ್ಸ್ ಒಂದು ಆರ್ಕ್ ಸೆಕೆಂಡಿನ ಸಾವಿರದಲ್ಲಿ 5 ಅಥವಾ 6 ಭಾಗ. ಇದನ್ನು 5 ಅಥವಾ 6 ಮಿಲಿ ಅನ್ನೋಣ. ಇಷ್ಟು ಸಣ್ಣದನ್ನು ಅಳೆಯುವುದು ಈಗ ದೊಡ್ಡ ವಿಷಯವಲ್ಲ. ಯುರೋಪಿನ ಗಾಯಾ ಉಪಗ್ರಹ 2013ರಲ್ಲಿ ಹೋಗಿ, 2025ರ ಜನವರಿವರೆಗೆ ಅಳೆಯಿತು. 2022ರಲ್ಲಿ ಬಂದ ಅದರ ಪಟ್ಟಿಯಲ್ಲಿ ಸುಮಾರು 180 ಕೋಟಿ ನಕ್ಷತ್ರಗಳಿವೆ, ಅವುಗಳಲ್ಲಿ ಬಹುಪಾಲು ನಕ್ಷತ್ರಗಳ ಪ್ಯಾರಲ್ಯಾಕ್ಸ್ ಕೂಡ ಇದೆ. ಆದರೆ ಗಾಯಾ ಮಾಡಿದ್ದೇ ಮಂಕು ನಕ್ಷತ್ರಗಳಿಗಾಗಿ. ಆರ್ದ್ರಾದಷ್ಟು ಹೊಳೆಯುವ ನಕ್ಷತ್ರ ಅದರ ಕ್ಯಾಮೆರಾವನ್ನು ತುಂಬಿ ಉಕ್ಕಿಸಿಬಿಡುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಎದ್ದು ಕಾಣುವ ಕೆಲವು ನಕ್ಷತ್ರಗಳಿಗೆ ಇವತ್ತಿಗೂ ಹಿಂದಿನ ಹಿಪ್ಪಾರ್ಕಸ್ ಉಪಗ್ರಹದ ಅಳತೆಯೇ ಆಧಾರ. ಅದು 1989ರಿಂದ 1993ರವರೆಗೆ ಕೆಲಸ ಮಾಡಿತ್ತು.

ಇದಕ್ಕಿಂತ ದೊಡ್ಡ ತೊಡಕು ಆರ್ದ್ರಾದ ಗಾತ್ರ. ಅದು ಎಷ್ಟು ದೊಡ್ಡದು ಅಂದರೆ ಆಕಾಶದಲ್ಲಿ ಅದರ ತಟ್ಟೆಯ ಅಗಲವೇ ಸುಮಾರು 45 ಮಿಲಿ. ಅಂದರೆ ನಾವು ಹುಡುಕುತ್ತಿರುವ ಪ್ಯಾರಲ್ಯಾಕ್ಸ್‌ಗಿಂತ ನಕ್ಷತ್ರವೇ ಏಳರಿಂದ ಒಂಬತ್ತು ಪಟ್ಟು ಅಗಲ! ಅದರ ಮೇಲ್ಮೈ ಒಂದೇ ಸಮ ಹೊಳೆಯುವುದಿಲ್ಲ. ಒಳಗಿಂದ ಬಿಸಿ ಅನಿಲದ ಭಾರಿ ಗುಳ್ಳೆಗಳು ಏಳುತ್ತವೆ, ಒಂದು ಕಡೆ ಬೆಳಗುತ್ತದೆ, ಇನ್ನೊಂದು ಕಡೆ ಮಂಕಾಗುತ್ತದೆ, ತಿಂಗಳುಗಳಲ್ಲಿ ಅದು ಬದಲಾಗುತ್ತದೆ. ಆಗ ಬೆಳಕಿನ ನಡುಬಿಂದು ಅತ್ತಿತ್ತ ಸರಿಯುತ್ತದೆ. ಉಪಗ್ರಹಕ್ಕೆ ಕಾಣುವುದು ಆ ನಡುಬಿಂದು. ಅದು ಭೂಮಿಯ ಚಲನೆಯಿಂದ ಸರಿದದ್ದೋ, ನಕ್ಷತ್ರದ ಮೈಮೇಲೆ ಬೆಳಕು ಸರಿದದ್ದೋ ಅಂತ ಬೇರ್ಪಡಿಸುವುದು ಬಹಳ ಕಷ್ಟ.

ನೀವು ಓದಿದ ಸಂಖ್ಯೆಗಳು ಇಲ್ಲಿಂದಲೇ ಬಂದದ್ದು. 500 ಅನ್ನುವುದು ಹಿಪ್ಪಾರ್ಕಸ್ ಮಾಹಿತಿಯನ್ನು 2007ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಬಂದದ್ದು. 640 ಬಂದದ್ದು 2008ರಲ್ಲಿ, ರೇಡಿಯೋ ಟೆಲಿಸ್ಕೋಪ್ ಅಳತೆಗಳನ್ನು ಜೊತೆಗೆ ಸೇರಿಸಿದಾಗ. 2017ರಲ್ಲಿ ಇನ್ನಷ್ಟು ರೇಡಿಯೋ ಅಳತೆ ಸೇರಿಸಿದ ಮೇಲೆ 720 ಆಯಿತು. 2020ರಲ್ಲಿ ನಕ್ಷತ್ರದ ಮಿಡಿತದಿಂದ ಲೆಕ್ಕ ಹಾಕಿದವರಿಗೆ 550ರ ಹತ್ತಿರ ಬಂತು. ಪ್ರತಿಯೊಂದಕ್ಕೂ ಹೆಚ್ಚುಕಡಿಮೆಯ ಅಂತರವನ್ನೂ ಅವರೇ ಬರೆದಿದ್ದಾರೆ. ಜನಪ್ರಿಯ ಲೇಖನಗಳಲ್ಲಿ ಆ ಅಂತರವನ್ನು ಬಿಟ್ಟು ಒಂದೇ ಸಂಖ್ಯೆ ಹಾಕುತ್ತಾರೆ, ಗೊಂದಲ ಅಲ್ಲಿ ಶುರುವಾಗುತ್ತದೆ.

ದೂರ ಬದಲಾದರೆ ಎಲ್ಲವೂ ಬದಲಾಗುತ್ತದೆ ಅನ್ನುವುದನ್ನೂ ನೋಡಿ. 500 ಎಂದು ಇಟ್ಟುಕೊಂಡರೆ ಆರ್ದ್ರಾದ ಅಗಲ ಸೂರ್ಯನ ಸುಮಾರು 740 ಪಟ್ಟು. 720 ಎಂದು ಇಟ್ಟುಕೊಂಡರೆ 1000 ಪಟ್ಟು ದಾಟುತ್ತದೆ. ಅದು ಚೆಲ್ಲುವ ಬೆಳಕಿನ ಲೆಕ್ಕ ಎರಡರಷ್ಟಾಗುತ್ತದೆ. ಆದರೆ ಇದು ಆರ್ದ್ರಾದಂಥ ಕೆಲವೇ ದೈತ್ಯರ ಕಷ್ಟ. ಲುಬ್ಧಕ 8.6 ಜ್ಯೋತಿರ್ವರ್ಷ ದೂರದಲ್ಲಿದೆ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಆರ್ದ್ರಾ ಅಳತೆ ಗೋಜಲಾಗಿದೆ ಎಂದು ಉಳಿದ ಕೋಟಿಗಟ್ಟಲೆ ನಕ್ಷತ್ರಗಳನ್ನು ಅನುಮಾನಿಸಬೇಕಾಗಿಲ್ಲ.

ವಿಜಯನಗರ ತಾರಸಿ:

ಹೊಸಕೋಟೆ ರಸ್ತೆ ಅವರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬ ಥ್ಯಾಂಕ್ಸ್. ನಕ್ಷತ್ರದ ಅಗಲವೇ ಸರಿದಾಟಕ್ಕಿಂತ ಜಾಸ್ತಿ ಅನ್ನುವುದು ಗೊತ್ತಿರಲಿಲ್ಲ. ಒಂದು ಅನುಮಾನ, ಆ 45 ಮಿಲಿ ಅಗಲವನ್ನು ಹೇಗೆ ಅಳೆದರು? ಯಾವ ಟೆಲಿಸ್ಕೋಪ್‌ನಲ್ಲೂ ನಕ್ಷತ್ರ ಚುಕ್ಕಿಯಾಗಿಯೇ ಕಾಣುತ್ತದೆ ಅಲ್ವಾ?

ಕೃತ್ತಿಕೆ ಅವರೇ, ಹಾಗಾದರೆ ನಾನು ಆರ್ದ್ರಾ ಹೊಳಪಿನಿಂದಲೇ ಶುರು ಮಾಡಲಾ?

ಹೊಸಕೋಟೆ ರಸ್ತೆ:

ಒಂದೇ ಕನ್ನಡಿಯಲ್ಲಿ ನೋಡಿದರೆ ಸಾಮಾನ್ಯವಾಗಿ ಚುಕ್ಕಿಯೇ. 1920ರ ಡಿಸೆಂಬರ್‌ನಲ್ಲಿ ಮೈಕೆಲ್ಸನ್ ಮತ್ತು ಪೀಸ್ ಮೌಂಟ್ ವಿಲ್ಸನ್‌ನ 100 ಇಂಚಿನ ಟೆಲಿಸ್ಕೋಪ್ ಮೇಲೆ 20 ಅಡಿ ಉದ್ದದ ತೊಲೆ ಕೂರಿಸಿ, ಅದರ ಮೇಲೆ ದೂರ ದೂರ ಕನ್ನಡಿ ಇಟ್ಟು, ಎರಡು ಕಡೆಯ ಬೆಳಕನ್ನು ಒಂದೆಡೆ ಸೇರಿಸಿದರು. ಹಾಗೆ ಸೇರಿಸಿದಾಗ ಬೆಳಕು ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಕನ್ನಡಿಗಳನ್ನು ದೂರ ಮಾಡುತ್ತಾ ಹೋದಂತೆ ಒಂದು ಅಂತರದಲ್ಲಿ ಪಟ್ಟೆಗಳು ಮಾಯವಾಗುತ್ತವೆ. ಆ ಅಂತರದಿಂದ ನಕ್ಷತ್ರದ ಅಗಲ ಸಿಗುತ್ತದೆ. ಅವರಿಗೆ ಸಿಕ್ಕಿದ್ದು 47 ಮಿಲಿ. ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರದ ಅಗಲವನ್ನು ನೇರವಾಗಿ ಅಳೆದದ್ದು ಅದೇ ಮೊದಲು.

ಇನ್ನೊಂದು ದಾರಿ ಚಂದ್ರ. ಚಂದ್ರ ನಕ್ಷತ್ರವನ್ನು ಮರೆ ಮಾಡುವಾಗ ಅದು ತಟ್ಟನೆ ಆರುವುದಿಲ್ಲ. ಚಂದ್ರನ ಅಂಚು ಸೆಕೆಂಡಿಗೆ ಅರ್ಧ ಆರ್ಕ್ ಸೆಕೆಂಡ್ ಸರಿಯುತ್ತದೆ. ರೋಹಿಣಿಯ ಅಗಲ ಸುಮಾರು 20 ಮಿಲಿ, ಅಂದರೆ ಅದು ಪೂರ್ತಿ ಮರೆಯಾಗಲು ಸೆಕೆಂಡಿನ ನೂರರಲ್ಲಿ 4 ಭಾಗ ಬೇಕು. ವೇಗದ ಕ್ಯಾಮೆರಾದಲ್ಲಿ ಅದನ್ನು ಹಿಡಿಯಬಹುದು. ರೋಹಿಣಿಗೆ, ಜ್ಯೇಷ್ಠಾಗೆ ಈ ವಿಧಾನ ನಡೆಯುತ್ತದೆ. ಆರ್ದ್ರಾಗೆ ನಡೆಯುವುದಿಲ್ಲ, ಚಂದ್ರನ ದಾರಿ ಅದರ ಹತ್ತಿರ ಬರುವುದೇ ಇಲ್ಲ.

ಕೃತ್ತಿಕೆ ನೋಡುಗ:

ಆರ್ದ್ರಾವನ್ನು ಕಣ್ಣಿನಿಂದ ಅಂದಾಜು ಮಾಡಿ, ಕ್ಯಾಮೆರಾಗೆ ಬೇರೆ ನಕ್ಷತ್ರ ಹಿಡಿಯಿರಿ. ಕಾರಣ, ಆರ್ದ್ರಾಗೆ ಹೋಲಿಸಲು ಸರಿಯಾದ ಜೋಡಿ ರೋಹಿಣಿ ಮತ್ತು ಪ್ರೋಸಿಯಾನ್. ರೋಹಿಣಿ 0.9ರ ಹತ್ತಿರ, ಪ್ರೋಸಿಯಾನ್ 0.4. ಅವು ಆರ್ದ್ರಾದಿಂದ 20 ಡಿಗ್ರಿಗೂ ಜಾಸ್ತಿ ದೂರ, ನಿಮ್ಮ 50 ಎಂಎಂ ಲೆನ್ಸ್‌ನ ಒಂದೇ ಫ್ರೇಮಿನಲ್ಲಿ ಮೂರನ್ನೂ ಹಿಡಿಯಲು ಆಗುವುದಿಲ್ಲ. ಪಕ್ಕದ ಬೆಲ್ಲಾಟ್ರಿಕ್ಸ್ ಸಿಗುತ್ತದೆ, ಆದರೆ ಅದು ನೀಲಿ, ಆರ್ದ್ರಾ ಕೆಂಪು, ಬಣ್ಣದ ವ್ಯತ್ಯಾಸದಿಂದ ಅಳತೆ ಕೆಡುತ್ತದೆ. ಕಣ್ಣಿನಿಂದ ನೋಡುವಾಗಲೂ ಕೆಂಪು ನಕ್ಷತ್ರವನ್ನು ದಿಟ್ಟಿಸಬೇಡಿ, ದಿಟ್ಟಿಸಿದಷ್ಟೂ ಅದು ಇನ್ನಷ್ಟು ಹೊಳೆದ ಹಾಗೆ ಅನ್ನಿಸುತ್ತದೆ. ಒಮ್ಮೆ ಇದನ್ನು, ಒಮ್ಮೆ ಅದನ್ನು, ಬೇಗ ಬೇಗ ನೋಡಿ. ಮೂರೂ ಆಕಾಶದಲ್ಲಿ ಚೆನ್ನಾಗಿ ಮೇಲೆ ಬಂದ ಮೇಲೆ ನೋಡಿ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ನಕ್ಷತ್ರದ ಬೆಳಕು ನೆತ್ತಿಯ ಮೇಲಿನದಕ್ಕಿಂತ ಎರಡು ಪಟ್ಟು ಗಾಳಿ ದಾಟಿ ಬರುತ್ತದೆ.

ಇದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ. 2019ರ ಕೊನೆಯಲ್ಲಿ ಆರ್ದ್ರಾ ಮಂಕಾಗುತ್ತಾ ಹೋಗಿ 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿದಾಗ ಆ ಇಳಿತದ ಗ್ರಾಫ್ ತುಂಬಿಸಿದವರಲ್ಲಿ ಹವ್ಯಾಸಿಗಳು ಬಹಳ ಜನ. ಅದು ಸ್ಫೋಟಕ್ಕೆ ಮುನ್ಸೂಚನೆ ಎಂದು ಸುದ್ದಿಯಾಯಿತು. ಆಮೇಲೆ ನೋಡಿದರೆ ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ನಮಗೆ ಅಡ್ಡ ಬಂದಿತ್ತು.

ಕ್ಯಾಮೆರಾಗೆ ಅಲ್ಗಾಲ್ ಹಿಡಿಯಿರಿ. ಪರ್ಸಿಯಸ್ ಪುಂಜದಲ್ಲಿದೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಸಂಜೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಾಕಷ್ಟು ಎತ್ತರದಲ್ಲಿ ಸಿಗುತ್ತದೆ. ಅಲ್ಲಿರುವುದು ಒಂದನ್ನೊಂದು ಸುತ್ತುವ ಜೋಡಿ. ಮಂಕಾದದ್ದು ಹೊಳೆಯುವುದಕ್ಕೆ ಅಡ್ಡ ಬಂದಾಗ 2.1ರಿಂದ 3.4ಕ್ಕೆ ಇಳಿಯುತ್ತದೆ. ಇಳಿದು ಮತ್ತೆ ಏರಲು ಒಟ್ಟು ಸುಮಾರು 10 ಗಂಟೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಇದು ಆಗುತ್ತದೆ. ಅಂದರೆ ಇವತ್ತು ರಾತ್ರಿ 2 ಗಂಟೆಗೆ ಕೆಳಗೆ ಇಳಿದರೆ, ಮೂರನೇ ದಿನ ರಾತ್ರಿ 11ರ ಹತ್ತಿರ, ಮತ್ತೆ ಮೂರು ದಿನಕ್ಕೆ 8ರ ಹತ್ತಿರ. ಬೆಳಿಗ್ಗೆ ಆಫೀಸಿಗೆ ಹೋಗಬೇಕಾದವರಿಗೆ 8 ಗಂಟೆಯದ್ದೇ ಸರಿ.

ಹೋಲಿಸಲು ಎಪ್ಸಿಲಾನ್ ಪರ್ಸಿ 2.9, ಡೆಲ್ಟಾ ಪರ್ಸಿ 3.0. ಎರಡೂ ಅಲ್ಗಾಲ್ ಥರವೇ ನೀಲಿ ಛಾಯೆಯವು, ಒಂದೇ ಫ್ರೇಮಿನಲ್ಲಿ ಬರುತ್ತವೆ. ರಾ ಫೈಲ್‌ನಲ್ಲಿ ತೆಗೆಯಿರಿ, ಜೆಪೆಗ್ ಬೇಡ, ಜೆಪೆಗ್‌ನಲ್ಲಿ ಕ್ಯಾಮೆರಾ ತನಗೆ ಬೇಕಾದ ಹಾಗೆ ಹೊಳಪು ತಿದ್ದಿಬಿಟ್ಟಿರುತ್ತದೆ. ಫೋಕಸ್ ಒಂಚೂರು ತಪ್ಪಿಸಿ, ಆಗ ನಕ್ಷತ್ರದ ಬೆಳಕು ಒಂದೇ ಪಿಕ್ಸೆಲ್ ಮೇಲೆ ಬೀಳದೆ ಹರಡುತ್ತದೆ. 3-4 ಸೆಕೆಂಡ್ ಎಕ್ಸ್‌ಪೋಷರ್ ಸಾಕು, ಒಂದರ ಹಿಂದೆ ಒಂದು ಬಹಳಷ್ಟು ತೆಗೆದು ಸರಾಸರಿ ಮಾಡಿ. ಲೆಕ್ಕಕ್ಕೆ ಹಸಿರು ಪಿಕ್ಸೆಲ್ ಮಾತ್ರ ತಗೊಳ್ಳಿ, ಖಗೋಳದವರು ಬಳಸುವ ವಿ ಫಿಲ್ಟರ್‌ಗೆ (ಹಸಿರು-ಹಳದಿ ಬೆಳಕನ್ನು ಮಾತ್ರ ಬಿಡುವ ಗಾಜು) ಹತ್ತಿರ ಇರುವುದು ಅದೇ.

ಜಯನಗರ 9ನೇ ಬ್ಲಾಕ್:

ಹೊಳಪು, ದೂರ ಎರಡೂ ಆಯಿತು. ಬಿಸಿ ಎಷ್ಟು, ಏನು ತುಂಬಿಕೊಂಡಿದೆ ಅನ್ನುವುದನ್ನು ಯಾರೂ ಹೇಳಲಿಲ್ಲ. ನನಗೆ ಅತ್ಯಂತ ಪ್ರೀತಿಯ ಭಾಗ ಅದು. ಲೆನ್ಸ್ ಮುಂದೆ ಮಿಲಿಮೀಟರಿಗೆ 100 ಗೆರೆ ಇರುವ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೆರೆಗಳ ತಟ್ಟೆ) ಹಾಕಿದರೆ ನಕ್ಷತ್ರದ ಪಕ್ಕದಲ್ಲಿ ಅದರ ರೋಹಿತ, ಅಂದರೆ ಬಣ್ಣಗಳ ಪಟ್ಟಿ, ಉದ್ದಕ್ಕೆ ಹರಡಿಕೊಳ್ಳುತ್ತದೆ. ಲುಬ್ಧಕದ ರೋಹಿತದಲ್ಲಿ ಹೈಡ್ರೋಜನ್‌ನ ಕಪ್ಪು ಗೆರೆಗಳು ಚೆನ್ನಾಗಿ ಕಾಣುತ್ತವೆ, 486 ನ್ಯಾನೋಮೀಟರ್‌ನದ್ದು ಎದ್ದು ಕಾಣುತ್ತದೆ. ಇದು ಊರೊಳಗಿನಿಂದಲೇ ಸಾಧ್ಯ. ಆರ್ದ್ರಾಗೆ ಹಿಡಿದರೆ ಆ ಗೆರೆ ಸಿಗುವುದು ಕಷ್ಟ, ಬದಲಿಗೆ ಟೈಟಾನಿಯಂ ಆಕ್ಸೈಡ್‌ನ ಅಗಲ ಪಟ್ಟೆಗಳು.

ಹಾಗಾದರೆ ಆರ್ದ್ರಾದಲ್ಲಿ ಹೈಡ್ರೋಜನ್ ಇಲ್ಲವಾ? ಬೇಕಾದಷ್ಟಿದೆ. ಈ ಒಗಟನ್ನು ಬಿಡಿಸಲು ದಾರಿ ಮಾಡಿಕೊಟ್ಟವರು ಮೇಘನಾದ ಸಹಾ, 1920ರಲ್ಲಿ. ಯಾವ ಬಿಸಿಯಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ಅವರ ಸಮೀಕರಣ ಹೇಳುತ್ತದೆ. ಗೆರೆ ಎಷ್ಟು ಗಟ್ಟಿ ಅನ್ನುವುದು ವಸ್ತು ಎಷ್ಟಿದೆ ಅನ್ನುವುದಕ್ಕಿಂತ ಬಿಸಿ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಸುಮಾರು 10,000 ಡಿಗ್ರಿಯಲ್ಲಿ ಹೈಡ್ರೋಜನ್ ಗೆರೆ ಅತಿ ಗಟ್ಟಿ, ಲುಬ್ಧಕ ಅಲ್ಲೇ ಇದೆ. ಆರ್ದ್ರಾ 3,500ರ ಆಸುಪಾಸು. ಈ ಸಮೀಕರಣ ಹಿಡಿದು ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳು ಬಹುಪಾಲು ಹೈಡ್ರೋಜನ್ ಎಂದು ತೋರಿಸಿದರು. ಆಗ ಅವರಿಗೆ 25 ವರ್ಷ. ಆ ಕಾಲದ ದೊಡ್ಡವರು ಒಪ್ಪಲಿಲ್ಲ, ಆಮೇಲೆ ಒಪ್ಪಲೇಬೇಕಾಯಿತು.

ನಮ್ಮ ಕಡೆಯದ್ದೂ ಒಂದು ಹೇಳಬೇಕು. ವೈನು ಬಪ್ಪು ಮತ್ತು ಓಲಿನ್ ವಿಲ್ಸನ್ 1957ರಲ್ಲಿ ತಂಪಾದ ನಕ್ಷತ್ರಗಳ ಕ್ಯಾಲ್ಸಿಯಂ ಗೆರೆಯ ನಡುವೆ ಮೂಡುವ ಹೊಳಪಿನ ಅಗಲವನ್ನು ಅಳೆದರೆ ನಕ್ಷತ್ರದ ನಿಜವಾದ ಬೆಳಕು ಎಷ್ಟು ಎಂದು ಗೊತ್ತಾಗುತ್ತದೆ ಎಂದು ತೋರಿಸಿದರು. ನಿಜವಾದ ಬೆಳಕು ಗೊತ್ತು, ಕಾಣುವ ಹೊಳಪು ಗೊತ್ತು ಅಂದಮೇಲೆ ದೂರ ಲೆಕ್ಕ ಹಾಕಬಹುದು. ಕಾವಲೂರು ವೀಕ್ಷಣಾಲಯ ಕಟ್ಟಿದ ಬಪ್ಪು ಅವರೇ ಇವರು. ಅಲ್ಲಿನ 2.34 ಮೀಟರ್ ಟೆಲಿಸ್ಕೋಪ್‌ಗೆ ಅವರ ಹೆಸರಿಟ್ಟಿದ್ದಾರೆ.

ಗಿರಿನಗರ 2ನೇ ಹಂತ:

ಜಯನಗರದವರೇ, ಗ್ರೇಟಿಂಗ್ ಹಾಕಿದರೆ ಬೀದಿ ದೀಪದ ರೋಹಿತವೂ ಅಡ್ಡ ಬರುವುದಿಲ್ಲವಾ?

ಜಯನಗರ 9ನೇ ಬ್ಲಾಕ್:

ಬರುತ್ತದೆ. ದೀಪ ನೇರವಾಗಿ ಫ್ರೇಮಿಗೆ ಬೀಳದ ಹಾಗೆ ನಿಂತುಕೊಳ್ಳಬೇಕು, ನೀರಿನ ಟ್ಯಾಂಕ್ ಮರೆಗೆ ಹೋದರೂ ಆಯಿತು. ಆಕಾಶದ ಬೆಳಕನ್ನು ರೋಹಿತದ ಮೇಲಿಂದ ಮತ್ತು ಕೆಳಗಿಂದ ಒಂದೊಂದು ಪಟ್ಟಿ ತಗೊಂಡು ಕಳೆಯಬೇಕು, ಕೃತ್ತಿಕೆ ಅವರು ಹೇಳಿದ ಉಂಗುರದ ಲೆಕ್ಕವೇ. ಲುಬ್ಧಕ, ರೈಜೆಲ್, ಆರ್ದ್ರಾ, ರೋಹಿಣಿ ಇವುಗಳಿಗೆ ಸಮಸ್ಯೆ ಇಲ್ಲ. ನಾಲ್ಕೂ ಒಂದೇ ಋತುವಿನಲ್ಲಿ ಸಿಗುತ್ತವೆ, ಬಿಸಿಯಿಂದ ತಂಪಿನವರೆಗೆ ಎಲ್ಲ ಥರವೂ ಇದರಲ್ಲಿ ಬಂದುಬಿಡುತ್ತದೆ.

ಹೊಸಕೋಟೆ ರಸ್ತೆ:

ಇನ್ನೊಂದು ಮಾತು ಸೇರಿಸುತ್ತೇನೆ. ಲಡಾಖ್‌ನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಟೆಲಿಸ್ಕೋಪ್ ಅನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ. ಅಂಥ ಕಪ್ಪು ಆಕಾಶದ ಕೆಳಗೂ ಹೊಳಪು ಅಳೆಯಬೇಕಾದರೆ ಮೊದಲೇ ಅಳೆದಿಟ್ಟ ನಕ್ಷತ್ರಗಳ ಜೊತೆ ಹೋಲಿಸುತ್ತಾರೆ. ವಿಜಯನಗರದಲ್ಲಿ ನೀವು ಮಾಡಹೊರಟಿರುವುದೂ ಅದೇ ಕೆಲಸ.

ವಿಜಯನಗರ ತಾರಸಿ:

ಸರಿ, ಅಲ್ಗಾಲ್‌ನಿಂದ ಶುರು. ಒಂದು ಕೊನೇ ಪ್ರಶ್ನೆ: ಕಣ್ಣಿನ ಅಂದಾಜು ಬರೆದಿಡುವುದು ಹೇಗೆ, ಮತ್ತು ಎಲ್ಲಿಗೆ ಕಳಿಸುವುದು?

ಕೃತ್ತಿಕೆ ನೋಡುಗ:

ತಾರೀಕು, ಗಂಟೆ ನಿಮಿಷ, ಯಾವ ಎರಡು ನಕ್ಷತ್ರದ ಜೊತೆ ಹೋಲಿಸಿದಿರಿ, ಅಂದಾಜು ಎಷ್ಟು, ಆಕಾಶ ಹೇಗಿತ್ತು, ಇಷ್ಟು ಸಾಕು. ಅಂದಾಜಿಗೆ ಹೀಗೆ ಮಾಡಿ: ಆರ್ದ್ರಾ ಪ್ರೋಸಿಯಾನ್‌ಗೂ ರೋಹಿಣಿಗೂ ಸರಿಯಾಗಿ ನಡುವೆ ಅನ್ನಿಸಿದರೆ 0.4 ಮತ್ತು 0.9ರ ನಡುವೆ, ಅಂದರೆ 0.6 ಅಥವಾ 0.7. ನಿನ್ನೆ ಬರೆದದ್ದನ್ನು ನೋಡಿಕೊಂಡು ಇವತ್ತಿನದು ಬರೆಯಬೇಡಿ. ಕಳಿಸುವುದು ಎಎವಿಎಸ್‌ಓಗೆ. ಅಮೆರಿಕದಲ್ಲಿ 1911ರಲ್ಲಿ ಶುರುವಾದ ಸಂಘ ಅದು, ಹೊಳಪು ಬದಲಾಗುವ ನಕ್ಷತ್ರಗಳಿಗೆ ಅಂತಲೇ ಇರುವುದು, ಯಾವ ದೇಶದವರು ಬೇಕಾದರೂ ಕಳಿಸಬಹುದು. ಹೋಲಿಕೆ ನಕ್ಷತ್ರಗಳ ನಕ್ಷೆಯೂ ಅವರ ಹತ್ತಿರವೇ ಸಿಗುತ್ತದೆ. ಸಮಯವನ್ನು ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು ಬರೆಯಿರಿ. ಮೊದಲ ಅಲ್ಗಾಲ್ ಗ್ರಾಫ್ ಬಂದ ತಕ್ಷಣ ಇಲ್ಲಿ ಹಾಕಿ, ನನ್ನದರ ಜೊತೆ ಇಟ್ಟು ನೋಡೋಣ.